ಪಾತ್ರೆಯಿಂದ ತೆಗೆದ ಹಿಡಿ

ಶನಿವಾರ ಬೆಳಿಗ್ಗೆ ಅಕ್ಕಿಮೂಟೆಯ ಬಾಯಿ ಬಿಚ್ಚಿ, ಹಾಲಿನ ಪುಡಿಯ ಹಳೆಯ ಡಬ್ಬವನ್ನು ಅದರೊಳಗೆ ಒಂದೇ ಸಲ ಮುಳುಗಿಸಿ ತುಂಬಿಸಿ ಎತ್ತುವಾಗ ಬಿಯಾಕಿ ಯಾವಾಗಲೂ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಾಳೆ. ಯಾರೂ ಇರುವುದಿಲ್ಲ. ಗಂಡ ಆ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಭಾನುವಾರದ ಪಾಠ ಓದುತ್ತ ಕೂತಿರುತ್ತಾನೆ. ಮಗಳು ರೆಮಿ ಮದುವೆಯಾಗಿ ಐಜಾಲ್ ಸೇರಿದ್ದಾಳೆ. ಯಾರಾದರೂ ನೋಡಿದರೂ ಏನು ತಿಳಿಯಬೇಕು? ಡಬ್ಬದ ತುಂಬ ಬಿಳಿಯ ಸಣ್ಣಕ್ಕಿ, ಸಿಲ್ಚಾರಿನಿಂದ ಲಾರಿಯಲ್ಲಿ ಬಂದದ್ದು. ಈ ಬೀದಿಯ ಯಾವ ಮನೆಯಿಂದಲೂ ಇಷ್ಟು ಒಳ್ಳೆಯ ಹಿಡಿಯಕ್ಕಿ ದೇವರಿಗೆ ಹೋಗುವುದಿಲ್ಲ. ಚರ್ಚಿನ ಪದ್ಧತಿಯಂತೆ ಎರಡು ಹೊತ್ತಿನ ಅನ್ನಕ್ಕೂ ದೇವರಿಗೆಂದು ಒಂದೊಂದು ಹಿಡಿ ತೆಗೆದಿಟ್ಟಿದ್ದರೆ ವಾರಕ್ಕೆ ಎಷ್ಟಾಗುತ್ತಿತ್ತೋ ಅದಕ್ಕಿಂತ ಹೆಚ್ಚೇ ಇದೆ, ಕಡಿಮೆಯಂತೂ ಇಲ್ಲ. ಇಷ್ಟೆಲ್ಲ ಲೆಕ್ಕ ತಾನೇಕೆ ಹಾಕುತ್ತಿದ್ದೇನೆ, ಯಾರು ಕೇಳಿದರು ಎಂದು ತನ್ನ ಮೇಲೆಯೇ ಸಿಡುಕಿ, ಕೈಗೆ ಅಂಟಿದ ಅಕ್ಕಿಹುಡಿಯನ್ನು ಉಟ್ಟ ಬಟ್ಟೆಗೆ ಒರೆಸಿ, ಅವಳು ಡಬ್ಬದ ಮುಚ್ಚಳ ಒತ್ತಿದಳು.

ಮೊದಲು ಹೀಗಿರಲಿಲ್ಲ. ಮದುವೆಯಾಗಿ ಈ ಬೆಟ್ಟದೂರು ಲುಂಗ್ಲೇಗೆ ಬಂದ ಹೊಸತರಲ್ಲಿ, ಚರ್ಚಿನ ಹೆಂಗಸರ ಕೂಟದ ದೊಡ್ಡವರು, ಊರೆಲ್ಲ ಪೀ ಖುಮಿ ಎಂದು ಗೌರವದಿಂದ ಕರೆಯುತ್ತಿದ್ದವರು, ಒಂದು ಸಂಜೆ ಹೇಳದೆ ಕೇಳದೆ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಬಿಯಾಕಿ ಬಹಳ ಭಕ್ತಿಯಿಂದ ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿದಳು. ಪೀ ಖುಮಿ ಆ ಹಿಡಿಯನ್ನು ತಿರುಗಿ ಮೂಟೆಗೇ ಸುರಿದುಬಿಟ್ಟರು. ‘ಅಲ್ಲಿಂದಲ್ಲ ಹುಡುಗಿ. ಮೊದಲು ಮನೆಯವರಿಗೆಲ್ಲ ಅಂತ ಪಾತ್ರೆಗೆ ಅಳೆದು ಹಾಕ್ಕೋ. ಆಮೇಲೆ ಆ ಪಾತ್ರೆಯಿಂದ ತೆಗಿ. ಮೂಟೆಗೆ ಹಸಿವಾಗೋದಿಲ್ಲ.’ ಅವತ್ತು ಅತ್ತೆ ಮಾವ ಮೈದುನರ ಎದುರು ಬಿಯಾಕಿಗೆ ಮುಖ ಕೆಂಪಾಗಿತ್ತು. ಆದರೂ ಕಲಿತಳು. ವರ್ಷಾನುಗಟ್ಟಲೆ ಹಾಗೇ ನಡೆಯಿತು. ಆಮೇಲೆ ಕರೆಂಟಿನ ಕುಕ್ಕರ್ ಬಂತು. ಅದರ ಜೊತೆ ಬಂದ ಲೋಟದಲ್ಲಿ ಅಕ್ಕಿ ಅಳೆಯಬೇಕು, ಒಳಗಿನ ಗೆರೆಯವರೆಗೆ ನೀರು ಹಾಕಬೇಕು. ಒಂದು ಹಿಡಿ ತೆಗೆದರೆ ಗೆರೆಯ ಲೆಕ್ಕ ತಪ್ಪಿ ಅನ್ನ ಗಂಜಿಯಾಗುತ್ತಿತ್ತು. ‘ಇದೇನು, ರೋಗಿಗಳಿಗೆ ಮಾಡಿದ್ದಾ?’ ಎಂದು ಗಂಡ ತಟ್ಟೆ ಸರಿಸುತ್ತಿದ್ದ. ಅನ್ನ ನೆಟ್ಟಗಾಗಲಿ ಎಂದು ಅವಳು ತೆಗೆದ ಹಿಡಿಯ ಬದಲು ಮೂಟೆಯಿಂದ ಇನ್ನೊಂದು ಹಿಡಿ ಸೇರಿಸಲು ಶುರುಮಾಡಿದಳು. ಆಮೇಲೆ ಹೀಗೆ ತೆಗೆದು ಹಾಕುವುದಕ್ಕಿಂತ ಮೂಟೆಯಿಂದಲೇ ತೆಗೆದರಾಯಿತು ಎನ್ನಿಸಿತು. ಆಮೇಲೆ ದಿನಾ ತೆಗೆಯುವುದೇಕೆ, ಶನಿವಾರ ಒಂದೇ ಸಲ ತುಂಬಿದರಾಯಿತು. ಯಾವ ದಿನ ಯಾವುದು ತಪ್ಪಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಹುಶಃ ತಪ್ಪಿಯೇ ಇಲ್ಲ.

‘ಅಕ್ಕಾ, ರೆಡಿನಾ?’ ಹೊರಗಿನಿಂದ ಸಿಯಾಮಿ ಕೂಗಿದಳು. ಯಾವಾಗಲೂ ಜೊತೆಗೆ ಬರುವ ಪಕ್ಕದ ಮನೆಯಾಕೆ ಸೊಂಟ ಹಿಡಿದುಕೊಂಡು ಮಲಗಿದ್ದರಿಂದ ಕೂಟದವರು ಇವತ್ತು ಸಿಯಾಮಿಯನ್ನು ಕಳಿಸಿದ್ದರು. ಹೊಸದಾಗಿ ಮದುವೆಯಾದ ಹುಡುಗಿ, ಬಾಯಿಗೆ ಬಿಡುವಿಲ್ಲ. ಹಣೆಪಟ್ಟಿಯ ಬುಟ್ಟಿಯನ್ನು ಬೆನ್ನಿಗೆ ಏರಿಸಿಕೊಂಡು ಬಿಯಾಕಿ ಹೊರಗೆ ಬಂದಳು. ಕಣಿವೆಯಲ್ಲಿ ಮೋಡ ಇನ್ನೂ ಎದ್ದಿರಲಿಲ್ಲ. ರಸ್ತೆಯಂಚಿನ ಮನೆಗಳು ಮುಂದೆ ನೆಲಕ್ಕೆ ಕೂತು, ಹಿಂದೆ ಕಂಬಗಳ ಮೇಲೆ ನಿಂತಿದ್ದವು, ಎಲ್ಲ ಮನೆಗಳಿಂದಲೂ ಬೆಳಗಿನ ಊಟದ ವಾಸನೆ ಬರುತ್ತಿತ್ತು. ಒಂದೊಂದು ಬಾಗಿಲಲ್ಲೂ ಡಬ್ಬ ಕಾದಿರುತ್ತಿತ್ತು. ಸಿಯಾಮಿ ಎಲ್ಲರ ಮಕ್ಕಳ ಶೀತ ಕೆಮ್ಮು ವಿಚಾರಿಸುತ್ತಿದ್ದಳು. ಒಬ್ಬರದು ರೇಷನ್ನಿನ ದಪ್ಪಕ್ಕಿ, ಒಬ್ಬರದು ಗದ್ದೆಯ ಕೆಂಪಕ್ಕಿ, ಇನ್ನೊಬ್ಬರದು ನುಚ್ಚೇ ಹೆಚ್ಚು. ಎಲ್ಲವೂ ಬುಟ್ಟಿಗೆ ಬಿದ್ದು ಒಂದಾಗುತ್ತಿತ್ತು. ಹೀಗೆ ಕಲೆತ ಅಕ್ಕಿಯನ್ನು ಕೂಟದವರು ಚರ್ಚಿನ ಹಿಂದಿನ ಕೋಣೆಯಲ್ಲಿ ಅಗ್ಗಕ್ಕೆ ಮಾರುತ್ತಾರೆ. ಬೇಯಿಸಿದರೆ ಒಂದು ಅಗುಳು ಮೆತ್ತಗೆ, ಇನ್ನೊಂದು ಗಟ್ಟಿ. ಕೈಯಲ್ಲಿ ಕಾಸಿಲ್ಲದವರು ಕೊಳ್ಳುತ್ತಾರೆ, ಹಂದಿ ಸಾಕಿದವರು ಕೊಳ್ಳುತ್ತಾರೆ. ಬಿಯಾಕಿ ಎಷ್ಟೋ ಸಲ ಅದನ್ನು ಅಳೆದುಕೊಟ್ಟಿದ್ದಾಳೆ, ಒಮ್ಮೆಯೂ ಉಂಡಿಲ್ಲ.

ನೀರಿನ ಟ್ಯಾಂಕು ದಾಟಿದ ಮೇಲೆ ಅವಳು ಮಾತು ಕಡಿಮೆ ಮಾಡಿದಳು. ಅಲ್ಲಿಂದ ಕೆಳಕ್ಕೆ ಕಡಿದಾದ ಮೆಟ್ಟಿಲುಗಳು. ಅವುಗಳ ಕೊನೆಯಲ್ಲಿ ಒಂದೇ ಮನೆ, ಛುವಾಂಗಿಯದು. ಛುವಾಂಗಿ ಪೀ ಖುಮಿಯ ಮಗಳು. ಗಂಡ ಬಿಟ್ಟುಹೋದ ಮೇಲೆ ಕಳ್ಳಭಟ್ಟಿ ಇಳಿಸಲು ಶುರುಮಾಡಿದ್ದಳು. ಎರಡು ಸಲ ಎಚ್ಚರಿಕೆ ಕೊಟ್ಟ ಮೇಲೆ ಚರ್ಚಿನ ಹಿರಿಯರು ಅವಳನ್ನು ಸಭೆಯಿಂದ ಹೊರಗಿಟ್ಟರು. ಆ ಹಿರಿಯರಲ್ಲಿ ಬಿಯಾಕಿಯ ಗಂಡನೂ ಒಬ್ಬ. ಹೊರಗಿಟ್ಟವರ ಮನೆಯ ಅಕ್ಕಿ ತರಬಾರದೆಂದು ಯಾರೂ ಹೇಳಿರಲಿಲ್ಲ. ಆದ್ದರಿಂದ ಮುಂದಿನ ಶನಿವಾರವೂ ಇವರು ಹೋಗಿದ್ದರು. ಬಾಗಿಲಲ್ಲಿ ಛುವಾಂಗಿ ಡಬ್ಬ ನೀಡಿದಾಗ ಬಿಯಾಕಿಯ ಬಾಯಿಂದ ಅದು ಹೇಗೆ ಬಂತೋ, ‘ಇದು ತಿನ್ನೋ ಅಕ್ಕಿನೋ, ಕುಡಿಯೋ ಅಕ್ಕಿನೋ?’ ಎಂದುಬಿಟ್ಟಳು. ಜೊತೆಯವರು ಗೊಳ್ಳೆಂದು ನಕ್ಕರು. ತಮಾಷೆಗೆ ಅಂದದ್ದೇ, ದೇವರಾಣೆ ತಮಾಷೆಗೆ. ಛುವಾಂಗಿಯೂ ನಕ್ಕಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ಅದಕ್ಕೊಂದು ಉತ್ತರ ಕೊಟ್ಟು, ಮುನಿಸಿಕೊಂಡು, ಕ್ರಿಸ್ಮಸ್ ಹೊತ್ತಿಗೆ ರಾಜಿಯಾಗಬಹುದಿತ್ತು. ಆ ನಗು ಮಾತ್ರ ಬಿಯಾಕಿಯ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಆಮೇಲೊಂದು ಶನಿವಾರ ಮಳೆ ಎಂದು ಇಳಿಯಲಿಲ್ಲ, ಇನ್ನೊಂದು ಶನಿವಾರ ಹೊತ್ತಾಯಿತೆಂದು. ಆಮೇಲೆ ಕಾರಣವೂ ಬೇಕಾಗಲಿಲ್ಲ. ವರ್ಷ ಕಳೆದುಹೋಯಿತು. ಕೆಳಗೆ ಪೀ ಖುಮಿ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಪೂರ್ತಿ ಹೋಗಿದೆ ಎಂದು ಕಿವಿಗೆ ಬೀಳುತ್ತಿತ್ತು. ನೋಡಿ ಬರಬೇಕು ಎಂದುಕೊಳ್ಳುತ್ತ ಬಿಯಾಕಿ ಟ್ಯಾಂಕು ದಾಟಿ ನೇರ ನಡೆಯುತ್ತಿದ್ದಳು.

ಇವತ್ತೂ ನೇರ ನಡೆದಳು. ‘ಅಕ್ಕಾ, ಕೆಳಗಿನ ಮನೆ?’ ಎಂದಳು ಸಿಯಾಮಿ.

‘ಅಲ್ಲಿ ಮೆಟ್ಟಿಲು ಜಾರುತ್ತೆ.’

‘ನೀವು ಇಲ್ಲೇ ಇರಿ, ನಾನೊಬ್ಬಳೇ ಹೋಗಿ ತರ್ತೀನಿ. ನನಗೇನು ಮುದಿ ಕಾಲಾ?’ ಎಂದು ಸಿಯಾಮಿ ಇಳಿದೇಬಿಟ್ಟಳು. ಈಗ ಮೇಲೆ ನಿಲ್ಲುವುದು ಕೆಳಗೆ ಹೋಗುವುದಕ್ಕಿಂತ ನಾಚಿಕೆಗೇಡು. ಬಿಯಾಕಿ ಬುಟ್ಟಿಯ ಪಟ್ಟಿಯನ್ನು ಹಣೆಗೆ ಸರಿಮಾಡಿಕೊಂಡು ಹಿಂದೆಯೇ ಇಳಿದಳು. ಅರ್ಧ ದಾರಿಯಲ್ಲೇ ಹುಳಿ ಬಂದ ಅನ್ನದ ವಾಸನೆ ಮೂಗಿಗೆ ಬಡಿಯಿತು. ಬಿಟ್ಟಿಲ್ಲ, ಭಟ್ಟಿ ಇನ್ನೂ ಬಿಟ್ಟಿಲ್ಲ ಎಂದು ಒಂದು ಕ್ಷಣ ಖುಷಿಯಾಯಿತು. ತಾನಾಡಿದ ಮಾತು ಅಷ್ಟೇನೂ ತಪ್ಪಲ್ಲ ಎಂಬ ಖುಷಿ. ಮರುಕ್ಷಣವೇ ಆ ಖುಷಿಯ ಬಗ್ಗೆ ಹೇಸಿಗೆಯಾಯಿತು.

ಛುವಾಂಗಿ ಬಾಗಿಲಲ್ಲಿ ಸೌದೆ ಸೀಳುತ್ತಿದ್ದವಳು ಎದ್ದು ನಿಂತಳು. ಬಿಯಾಕಿಯನ್ನು ನೋಡಿದಳು, ಕೈಯಲ್ಲಿದ್ದ ಕತ್ತಿಯನ್ನು ದಿಮ್ಮಿಗೆ ಕಚ್ಚಿಸಿದಳು. ಅವಳು ಏನು ಹೇಳಲು ಬಾಯಿ ತೆರೆದಳೋ, ಅಷ್ಟರಲ್ಲಿ ಒಳಗಿನಿಂದ ಮುದಿ ದನಿ ಬಂತು.

‘ಯಾರದು? ಅಕ್ಕಿಯೋರಾ?’

‘ಹೂಂ ಅಮ್ಮ.’

‘ರೆಮಿ ಅಮ್ಮ ಬಂದಿದಾಳಾ? ಇವತ್ತಾದ್ರೂ ಒಳಗೆ ಬಾ ಅನ್ನು. ವಾರ ವಾರ ಬಾಗಿಲಿಂದಾನೇ ಓಡಿಹೋಗ್ತಾಳೆ.’

ರೆಮಿಯ ಅಮ್ಮ ಎಂದರೆ ತಾನೇ, ಆದರೂ ಬಿಯಾಕಿಗೆ ಅರ್ಥವಾಗಲಿಲ್ಲ. ಛುವಾಂಗಿ ಹತ್ತಿರ ಬಂದು, ಸಿಯಾಮಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, ‘ಹೋಗಿ. ಏನು ಹೇಳಿದ್ರೂ ಹೂಂ ಅನ್ನಿ,’ ಎಂದಳು. ಬೇಡಿಕೆಯಲ್ಲ ಅದು, ಅಪ್ಪಣೆ.

ಒಳಗೆ ಒಲೆಯ ಪಕ್ಕದಲ್ಲೇ ಹಾಸಿಗೆ ಹಾಕಿದ್ದರು. ಕಂಬಳಿಯೊಳಗೆ ಪೀ ಖುಮಿ ಇಷ್ಟೇ ಇಷ್ಟಾಗಿದ್ದರು. ಕೈ ಚಾಚಿ ಗಾಳಿಯಲ್ಲಿ ಹುಡುಕಿ ಬಿಯಾಕಿಯ ಮುಂಗೈ ಹಿಡಿದುಕೊಂಡರು. ‘ಬಂದೆಯಾ! ಕೂತ್ಕೋ. ಬೈಯೋದಿಲ್ಲ ಬಿಡು. ನಿನಗೆ ಎಷ್ಟು ಮನೆ ಸುತ್ತಬೇಕು ಅಂತ ನನಗೆ ಗೊತ್ತಿಲ್ಲವಾ? ನಾನೂ ಸುತ್ತಿದವಳೇ. ಆದ್ರೂ ನೋಡು, ನೀನು ಕಳಿಸಿದ ಕಿತ್ತಳೆ ತಿಂದೆ. ಎಷ್ಟು ಸಿಹಿ ಇತ್ತು ಗೊತ್ತಾ?’

ಬಿಯಾಕಿ ಛುವಾಂಗಿಯ ಕಡೆ ನೋಡಿದಳು. ಛುವಾಂಗಿ ಬಾಗಿಲಿಗೆ ಒರಗಿ ಹೊರಗೆ ನೋಡುತ್ತಿದ್ದಳು.

‘ಹೂಂ, ಪೀ,’ ಎಂದಳು ಬಿಯಾಕಿ.

‘ಚಳಿಗೆ ಕಾಲುಚೀಲಾನೂ ಕಳಿಸಿದ್ದೆ. ಇಗೋ, ಕಾಲಲ್ಲೇ ಇದೆ. ಬೇರೆಯವರೆಲ್ಲ ಈ ಮನೆ ಮೆಟ್ಟಿಲು ಮರೆತುಬಿಟ್ರು. ಮಗಳು ಮಾಡೋ ಕೆಲಸ ಅಂಥದ್ದು, ನಾನೇನು ಕಿವುಡಿಯಾ, ವಾಸನೆ ಬರೋದಿಲ್ಲವಾ? ಆದ್ರೆ ನೀನೊಬ್ಬಳು ಬರ್ತೀಯ, ನನ್ನ ಮೊಣಕಾಲು ಹೇಗಿದೆ ಅಂತ ಕೇಳಿ ಹೋಗ್ತೀಯ ಅಂತ ಇವಳು ಪ್ರತಿ ಶನಿವಾರ ಹೇಳ್ತಾಳೆ. ನೀನು ಹೋದ ಮೇಲೆ ಖಾಲಿ ಡಬ್ಬಕ್ಕೆ ಮೊದಲ ಹಿಡಿ ಬೀಳುತ್ತಲ್ಲ, ಟಣ್ ಅಂತ, ಅದು ನನಗೆ ಇಲ್ಲಿ ಕೇಳಿಸುತ್ತೆ. ಹಾ, ಹೋಯ್ತು, ನಮ್ಮ ಅಕ್ಕಿಯೂ ಹೋಯ್ತು ಅಂದ್ಕೋತೀನಿ.’ ಮುದುಕಿ ಬಿಯಾಕಿಯ ಅಂಗೈಯನ್ನು ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿ, ಅದರ ಮೇಲೆ ತಮ್ಮ ಕೈ ಇಟ್ಟರು. ‘ಒಳ್ಳೆ ದೊಡ್ಡ ಹಿಡಿ ನಿಂದು. ಪಾತ್ರೆಯಿಂದಾನೇ ತೆಗೀತೀಯ ತಾನೇ?’

ಒಲೆಯಲ್ಲಿ ಸೌದೆ ಚಟಗುಟ್ಟಿತು. ಇಲ್ಲ ಎನ್ನಬಹುದಿತ್ತು. ಈ ಒಂದು ಪ್ರಶ್ನೆಗಾದರೂ ನಿಜ ಹೇಳಬಹುದಿತ್ತು. ಅದಕ್ಕೂ ಕಿತ್ತಳೆಗೂ ಸಂಬಂಧವಿಲ್ಲ. ಆದರೆ ಒಂದು ನಿಜದ ಹಿಂದೆ ಇನ್ನೊಂದು ಹೊರಟರೆ, ವರ್ಷದಿಂದ ಈ ಮನೆಗೆ ಯಾರೂ ಬಂದಿಲ್ಲ ಎಂಬುದೂ ಹೊರಬಿದ್ದರೆ, ಈ ಕೈ ತನ್ನ ಕೈಯ ಮೇಲೆ ಹೀಗೆ ಕೂತಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಿಯಾಕಿಗೆ ಆ ಮುದುಕಿಯ ಮನಸ್ಸಿನಲ್ಲಿದ್ದ ಇನ್ನೊಬ್ಬ ಬಿಯಾಕಿಯ ಮೇಲೆ ಆಸೆ ಹುಟ್ಟಿತ್ತು. ಜಾರುವ ಮೆಟ್ಟಿಲು ಇಳಿದು ಬರುವವಳು, ಮೊಣಕಾಲಿನ ನೋವು ಕೇಳುವವಳು, ಕಾಲುಚೀಲ ಕಳಿಸುವವಳು. ಅವಳನ್ನು ಈ ಕತ್ತಲ ಕೋಣೆಯಲ್ಲಿ ಒಂದು ವರ್ಷ ಸಾಕಿ ಬೆಳೆಸಿದವಳು ಕಳ್ಳಭಟ್ಟಿಯವಳು. ‘ಹೂಂ,’ ಎಂದಳು.

‘ಹಾಗಾದ್ರೆ ಸರಿ,’ ಎಂದರು ಪೀ ಖುಮಿ. ‘ಹೋಗು, ಹೊತ್ತಾಯ್ತು ನಿನಗೆ.’

ಹಿಂದಿನ ಚಪ್ಪರದಲ್ಲಿ ಭಟ್ಟಿಯ ಹಂಡೆಯ ಪಕ್ಕ, ಹಳೆಯ ಗೋಣಿಚೀಲ ಮುಚ್ಚಿದ ಎಣ್ಣೆಯ ದೊಡ್ಡ ಡಬ್ಬಗಳಿದ್ದವು. ಛುವಾಂಗಿ ಚೀಲ ಎಳೆದಳು. ‘ಇಗೊಳ್ಳಿ ನಿಮ್ಮದು. ಪ್ರತಿ ಶನಿವಾರ ಒಳಗಿನ ಡಬ್ಬ ಇಲ್ಲಿಗೆ ಸುರೀತಿದ್ದೆ. ಇಲ್ಲದಿದ್ರೆ ಆ ಟಣ್ ಅನ್ನೋದು ಅಮ್ಮಂಗೆ ಹೇಗೆ ಕೇಳಬೇಕು?’ ಬಿಯಾಕಿ ಬಗ್ಗಿ ನೋಡಿದಳು. ಮೇಲೆ ರೇಷನ್ ಅಕ್ಕಿ. ಕೈಯಿಂದ ಕೆದಕಿದರೆ ಅದರ ಕೆಳಗೆ ನುಚ್ಚು, ಅದರ ಕೆಳಗೆ ಹಳದಿ ಜೋಳದ ತರಿ, ಅಕ್ಕಿಯೇ ಇಲ್ಲದ ತಿಂಗಳುಗಳು, ಅದರಡಿ ಮತ್ತೆ ಅಕ್ಕಿ. ಇನ್ನೂ ಕೆಳಗೆ ಬೆರಳಿಗೆ ಅಂಟಂಟು ಬಲೆ, ಕಪ್ಪು ಹುಳಗಳು ಗಾಬರಿಯಿಂದ ಮೇಲೆ ಹತ್ತಿ ಬಂದವು.

‘ಅಯ್ಯಯ್ಯೋ, ಹುಳ!’ ಸಿಯಾಮಿ ಕೈ ಕೊಡವಿದಳು. ‘ಇದನ್ನ ಬುಟ್ಟಿಗೆ ಹಾಕಿದ್ರೆ ಎಲ್ಲದಕ್ಕೂ ಹಿಡಿಯುತ್ತೆ. ಅಕ್ಕಾ, ಇದು ಹಂದಿಗೇ ಸರಿ. ಆದ್ರೆ ಇಷ್ಟು ದಿನ ಯಾಕೆ ಕೊಡಲಿಲ್ಲ ಇವರು?’

ಛುವಾಂಗಿಯ ಕಣ್ಣು ಬಿಯಾಕಿಯ ಮುಖದ ಮೇಲೆಯೇ ಇತ್ತು. ಅವಳು ಕಾಯುತ್ತಿದ್ದಳು.

‘ಅವರು ಕೊಡದೆ ಇದ್ದದ್ದಲ್ಲ,’ ಎಂದಳು ಬಿಯಾಕಿ. ‘ನಾನೇ ಬರಲಿಲ್ಲ.’ ಅಷ್ಟು ಹೇಳಲು ಇಷ್ಟು ಹೊತ್ತು ಬೇಕಾಯಿತಲ್ಲ ಎನ್ನಿಸಿತು. ಸಿಯಾಮಿ ತನ್ನ ಬುಟ್ಟಿಯನ್ನು ಬೆನ್ನಿಂದ ಇಳಿಸಿದಳು. ಬಿಯಾಕಿ ತನ್ನ ಬುಟ್ಟಿಯಲ್ಲಿದ್ದ ಅಕ್ಕಿಯನ್ನೆಲ್ಲ ಅವಳ ಬುಟ್ಟಿಗೆ ಸುರಿದು, ಡಬ್ಬಗಳನ್ನು ತನ್ನ ಖಾಲಿ ಬುಟ್ಟಿಗೆ ಬಗ್ಗಿಸಿದಳು. ಧೂಳೆದ್ದಿತು.

‘ತಿನ್ನೋ ಅಕ್ಕಿನೇ ಅದು,’ ಎಂದಳು ಛುವಾಂಗಿ. ‘ಕುಡಿಯೋದೂ ಅದರಿಂದಾನೇ. ಇರೋದು ಒಂದೇ ಮೂಟೆ. ಅಮ್ಮ ಅಳೀತಾಳೆ, ಅವಳೇ ತಡಕಿ ಹಿಡಿ ತೆಗೀತಾಳೆ, ನಾನು ಡಬ್ಬಕ್ಕೆ ಹಾಕ್ತೀನಿ. ನನಗೇನೂ ನಿಮ್ಮ ದೇವರ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ.’

‘ಛುವಾಂಗಿ, ಅವತ್ತು ನಾನು...’

‘ಅವತ್ತು ನಾನೂ ನಕ್ಕೆ. ಬಿಡಿ. ಆಮೇಲೆ ಒಬ್ಬಳೇ ಇದ್ದಾಗ ಚೆನ್ನಾಗಿ ಬೈದಿದೀನಿ ನಿಮ್ಮನ್ನ, ಈ ಹಂಡೆಗೆ ಗೊತ್ತು.’ ಬುಟ್ಟಿ ಎತ್ತಲು ಅವಳೇ ಕೈ ಕೊಟ್ಟಳು. ಪಟ್ಟಿ ಹಣೆಗೆ ಕೂತು ಭಾರ ಬೆನ್ನಿಗಿಳಿದಾಗ ಬಿಯಾಕಿ ಚಪ್ಪರದ ಕಂಬ ಹಿಡಿದುಕೊಂಡಳು. ‘ಭಾರ ಆಯ್ತಾ? ಆಗಲಿ. ಮುಂದಿನ ಶನಿವಾರ ಬನ್ನಿ. ಕಿತ್ತಳೆ ನೀವೇ ತನ್ನಿ. ನಿಮ್ಮ ಹೆಸರಲ್ಲಿ ಕೊಂಡು ಕೊಂಡು ನನಗೆ ಸಾಕಾಗಿದೆ.’ ಅವಳು ನಕ್ಕಳು. ಅದು ಹೋದ ವರ್ಷದ ನಗುವಲ್ಲ, ಅದರಲ್ಲಿ ಕಚ್ಚುವ ಹಲ್ಲು ಇತ್ತು. ಬಿಯಾಕಿಗೆ ಅದು ಎಷ್ಟೋ ಹಿತವಾಯಿತು.

ಚರ್ಚಿನ ತಿರುವಿನಲ್ಲಿ ಸಿಯಾಮಿಯನ್ನು ಕಳಿಸಿ ಅವಳು ನೇರ ಮನೆಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ, ಸಿಲ್ಚಾರಿನ ಸಣ್ಣಕ್ಕಿಯನ್ನು ಬೇರೊಂದು ಬುಟ್ಟಿಗೆ ತುಂಬಿ, ಹುಳ ಹಿಡಿದದ್ದರ ಬದಲು ಪೀ ಖುಮಿಯ ಮನೆಯ ಲೆಕ್ಕಕ್ಕೆಂದು ಚರ್ಚಿಗೆ ಹೊತ್ತುಹೋಗಿ ಸುರಿದದ್ದು. ಸುರಿಯುವಾಗಲೇ ಅನ್ನಿಸಿತು: ಮತ್ತೆ ಮೂಟೆಯಿಂದಲೇ. ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು ಆ ಹಳೆಯ ಅಕ್ಕಿಯನ್ನು ಮೊರದಲ್ಲಿ ಕೇರಿದಳು. ಹುಳಗಳು ಮೊರದಂಚಿಗೆ ಹರಿದು ಬಿಸಿಲಿಗೆ ಬಿದ್ದು ಓಡುತ್ತಿದ್ದವು. ಕೋಳಿಗಳು ಬಂದು ಸೇರಿದವು. ಕೇರುವಾಗ ಅವಳಿಗೆ ವಿಚಿತ್ರವಾದ ಸಮಾಧಾನ. ಜೋಳದ ತರಿ ಬಂದಾಗ ಕೈ ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ತಾನು ಏನು ಉಂಡೆ ಎಂದು ನೆನೆಯಲು ನೋಡಿದಳು, ನೆನಪಾಗಲಿಲ್ಲ. ಈಸ್ಟರಿಗೆ ಹಂದಿಮಾಂಸ ಹೆಚ್ಚಾಗಿ ನೆರೆಯವರಿಗೆ ಹಂಚಿದ್ದು ಮಾತ್ರ ನೆನಪಿತ್ತು. ಹಂಚುವಾಗ ಟ್ಯಾಂಕಿನವರೆಗೆ ಹೋಗಿ ತಿರುಗಿದ್ದಳು.

‘ಏನಿದು, ಕೋಳಿಗಾ?’ ಗಂಡ ಬಾಗಿಲಲ್ಲಿ ನಿಂತು ಕೇಳಿದ. ಒಳ್ಳೆಯ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡರೆ ಪ್ರಪಂಚದ ಮೇಲೆ ಯಾವ ದೂರೂ ಇಲ್ಲದವನು.

‘ನಮಗೆ.’

‘ಮೂಟೆಯಲ್ಲಿ ಅಕ್ಕಿ ಇಲ್ಲವಾ?’

‘ಇದೆ. ಇವತ್ತು ಇದನ್ನ ಮಾಡ್ತೀನಿ ರೆಮಿ ಅಪ್ಪ. ಏನೂ ಕೇಳಬೇಡಿ.’ ಅವನು ಕೇಳಲಿಲ್ಲ. ಕೇಳದಿರುವುದು ಅವನಿಗೆ ಅಭ್ಯಾಸವಾಗಿತ್ತು. ಅದನ್ನೇ ಅವನು ಶಾಂತಿ ಎಂದುಕೊಂಡಿದ್ದ, ಅವಳೂ ಹಾಗೆಯೇ ತಿಳಿದಿದ್ದಳು.

ಸಂಜೆ ಬಿಸಿಲು ಇಳಿಯುವ ಮೊದಲೇ ಅವಳು ಅಡುಗೆಗೆ ನಿಂತಳು. ಕುಕ್ಕರನ್ನು ಪಕ್ಕಕ್ಕಿಟ್ಟು ಅಟ್ಟದಿಂದ ಹಳೆಯ ಅಲ್ಯುಮಿನಿಯಂ ಪಾತ್ರೆ ಇಳಿಸಿದಳು. ಇಬ್ಬರಿಗೆ ಎಷ್ಟು ಬೇಕೋ ಅಷ್ಟು ಅಳೆದು ಹಾಕಿದಳು, ಒಂದು ಕಾಳು ಹೆಚ್ಚಲ್ಲ. ಆಮೇಲೆ ಪಾತ್ರೆಯೊಳಗೆ ಕೈ ಇಟ್ಟಳು. ಅಕ್ಕಿ ತಣ್ಣಗಿತ್ತು. ಬೆರಳು ಮಡಿಸಿ ಎತ್ತಿದಾಗ ಪಾತ್ರೆಯಲ್ಲಿ ಒಂದು ಗುಳಿ ಬಿತ್ತು. ಇಷ್ಟು ದೊಡ್ಡ ಗುಳಿಯೇ ಎಂದು ಅವಳಿಗೆ ಭಯವಾಯಿತು. ಸ್ವಲ್ಪ ಸಡಿಲಿಸಿ ಒಂದಿಷ್ಟು ಕಾಳು ಕೆಳಗೆ ಬಿಡಲು ನೋಡಿದಳು. ನೋಡಿ, ನಾಚಿ, ಮುಷ್ಟಿಯನ್ನು ಹಾಗೇ ಬಿಗಿಹಿಡಿದು ಹಾಲಿನ ಪುಡಿಯ ಡಬ್ಬದ ಹತ್ತಿರ ಹೋದಳು. ಬೆಳಿಗ್ಗೆ ಸಿಯಾಮಿಯ ಜೊತೆ ಹೊರಡುವಾಗ ಖಾಲಿಯಾದ ಡಬ್ಬ. ಅಕ್ಕಿ ಬಿದ್ದು ಟಣ್ ಎಂದಿತು. ಮನೆಯಲ್ಲಿ ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ, ಮುಂದಿನ ಕೋಣೆಯಿಂದ ಗಂಡ, ‘ಏನು ಬಿತ್ತು?’ ಎಂದು ಕೂಗಿದ.

ಊಟಕ್ಕೆ ಸೊಪ್ಪಿನ ಸಾರು, ಮೆಣಸಿನಕಾಯಿ ಚಟ್ನಿ. ಅನ್ನದಲ್ಲಿ ಒಂದು ಅಗುಳು ಮೆತ್ತಗೆ, ಇನ್ನೊಂದು ಗಟ್ಟಿ, ನಡುವೆ ಹಳದಿ ಜೋಳ. ಹಲ್ಲಿಗೆ ಸಿಕ್ಕ ಗಟ್ಟಿ ಅಗುಳನ್ನು ಬಿಯಾಕಿ ನಿಧಾನ ಅಗಿದಳು. ಗಂಡ ಪ್ರಾರ್ಥನೆ ಮುಗಿಸಿ ತಲೆ ತಗ್ಗಿಸಿ ಉಂಡ. ಯಾವಾಗಲೂ ಉಣ್ಣುವಂತೆ ಉಂಡು, ಯಾವಾಗಲೂ ಚಾಚುವಂತೆ ತಟ್ಟೆ ಚಾಚಿದ.

‘ಇನ್ನು ಸ್ವಲ್ಪ.’

‘ಇಲ್ಲ.’

‘ಇಲ್ಲವಾ?’ ಅವನು ಬಗ್ಗಿ ಪಾತ್ರೆಯೊಳಗೆ ನೋಡಿದ. ತಳ ಕಾಣುತ್ತಿತ್ತು. ಈ ಮನೆಯಲ್ಲಿ ಹಾಗೆ ತಳ ಕಂಡದ್ದಿಲ್ಲ. ಉಳಿದದ್ದು ಕೋಳಿಗೆ, ನಾಯಿಗೆ. ‘ಏನಾಯ್ತು? ಅಳತೆ ತಪ್ಪಿತಾ?’

‘ಇಲ್ಲ. ಅಳೆದಾದ ಮೇಲೆ ಒಂದು ಹಿಡಿ ತೆಗೆದೆ.’

ಅವನು ಅರ್ಥವಾಗದೆ ನೋಡಿದ. ಗೋಡೆಯ ಹಲಗೆಯ ಮೇಲೆ ಡಬ್ಬ ಕಂಡಿತು. ಏನೋ ಮನಸ್ಸಿಗೆ ಹೊಳೆಯುತ್ತಿರುವಂತೆ ಕನ್ನಡಕ ಸರಿಮಾಡಿಕೊಂಡ. ಖಾಲಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು. ‘ಈ ಅಕ್ಕಿ ಯಾರದು?’ ಎಂದ.

‘ಛುವಾಂಗಿ ಮನೇದು. ಪೀ ಖುಮಿ ಪಾತ್ರೆಯಿಂದ ತೆಗೆದದ್ದು, ಒಂದು ವರ್ಷದ್ದು. ನಾನು ತರೋಕೆ ಹೋಗಲೇ ಇಲ್ಲ.’

ಹೊರಗೆ ಕಣಿವೆಯಿಂದ ಮೋಡ ಮತ್ತೆ ಏರಿ ಬರುತ್ತಿತ್ತು. ಛುವಾಂಗಿಯನ್ನು ಹೊರಗಿಡೋಣ ಎಂದು ಎತ್ತಿದ ಕೈಗಳಲ್ಲಿ ತಟ್ಟೆ ಹಿಡಿದ ಅವನ ಈ ಕೈಯೂ ಒಂದು. ಇನ್ನೂ ಒಂದು ತುತ್ತು ಇದ್ದಿದ್ದರೆ ಬೇಡವೆಂದು ತಟ್ಟೆ ಸರಿಸಬಹುದಿತ್ತು. ಉಂಡು ಮುಗಿದಿತ್ತು, ಮೇಲೆ ಇನ್ನಷ್ಟು ಕೇಳಿಯೂ ಆಗಿತ್ತು. ಅವನು ತಟ್ಟೆಯನ್ನು ಕೆಳಗಿಟ್ಟ. ‘ಮುದುಕಿ ಹೇಗಿದಾರೆ?’ ಎಂದ.

‘ಇಷ್ಟೇ ಇಷ್ಟಾಗಿದಾರೆ. ಮುಂದಿನ ಶನಿವಾರ ನೀವೂ ಬನ್ನಿ.’

ಎದ್ದು ಕೈ ತೊಳೆಯಲು ಹೋದವನು ಬಾಗಿಲಲ್ಲಿ ನಿಂತು, ತಿನ್ನಲು ಮನೆಯಲ್ಲಿ ಬಾಳೆಹಣ್ಣು ಏನಾದರೂ ಇದೆಯೇ ಎಂದು ಸಂಕೋಚದಿಂದ ಕೇಳಿದ. ಇಲ್ಲ ಎಂದಳು. ಇತ್ತು. ಬಿಯಾಕಿ ಖಾಲಿ ಪಾತ್ರೆಗೆ ನೀರು ಹೊಯ್ದು ನೆನೆಹಾಕಿ, ಅಲ್ಲೇ ಒಲೆಯ ಪಕ್ಕ, ಪೀ ಖುಮಿ ಒಂದು ಕಾಲದಲ್ಲಿ ಬಂದು ಕೂತಿದ್ದ ಜಾಗದಲ್ಲಿ ಕೂತಳು. ಅವಳಿಗೂ ಹಸಿವು ಉಳಿದಿತ್ತು. ಬಹಳವೇನಲ್ಲ, ಒಂದು ಹಿಡಿಯಷ್ಟು.